ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿ ಗಣಕಯಂತ್ರದ ಮೊದಲ ಪಾಠಗಳು

ಗುಲ್ಬರ್ಗಾ ಜಿಲ್ಲೆಯ ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಮಳಖೇಡದ ರಾಷ್ಟ್ರಕೂಟರು, ಬಹಮನಿ ಸುಲ್ತಾನರ ಕೋಟೆ, ನಾಗಾವಿಯ ಘಟಿಕಾಸ್ಥಾನ ಇವೇ ಮೊದಲಾದುವು. ಇದು ಸಹಜವೇ ಸರಿ. ಆದರೆ ನಾವು ಆಕರವೆಂದು ಬಳಸುವ ಬರವಣಿಗೆಯಲ್ಲಿ ಬಹುಭಾಗವು ಯಾವುದೋ ಕಾಲದಲ್ಲಿ ಒಬ್ಬ ಲೆಕ್ಕಿಗನು ಕುಳಿತು ಬರೆದುದೆಂಬುದನ್ನೂ, ಆ ಬರವಣಿಗೆಯ ರೀತಿಯನ್ನು ಅವನು ಯಾರಿಂದಲೋ ಕಲಿತಿದ್ದನೆಂಬುದನ್ನೂ ನಾವು ಮರೆಯುತ್ತೇವೆ. ಶಾಸನಗಳ ಬರಹಗಾರನ ವಿಷಯದಲ್ಲಿ ತೋರಿಸುವ ಕುತೂಹಲದ ನೂರರಲ್ಲೊಂದು ಪಾಲನ್ನಾದರೂ ತಾಲೂಕು ಕಚೇರಿಯ ಕಾರಕೂನನ ವಿಷಯದಲ್ಲಿ ತೋರಿಸಿದ್ದರೆ ಈ ಲೇಖನದ ಅವಶ್ಯಕತೆ ಉಂಟಾಗುತ್ತಿರಲಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಸಮೀಪಕಾಲದ ಒಂದು ಸಂಗತಿಯನ್ನು: ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಜಮೀನಿನ ಲೆಕ್ಕ ಬರೆಯುವವರಿಗೆ ಗಣಕಯಂತ್ರದ ಮೊದಲ ಪಾಠಗಳು ಹೇಗೆ ಆದುವು, ಮೊದಲ ಸಲ ಅವು ಏಕೆ ನಾಟಲಿಲ್ಲ, ಎರಡನೆಯ ಸಲ ಏಕೆ ನಾಟಿದುವು ಎಂಬುದನ್ನು. ಶಹಾಬಾದ್ ಮತ್ತು ವಾಡಿ ಪಟ್ಟಣಗಳು ಆ ಕಾಲದಲ್ಲಿ ಚಿತ್ತಾಪುರ ತಾಲೂಕಿಗೆ ಸೇರಿದ್ದುವು. ಶಹಾಬಾದ್ ಪ್ರತ್ಯೇಕ ತಾಲೂಕಾದುದು 2018ರಲ್ಲಿ, ವಾಡಿ ಈಗಲೂ ಚಿತ್ತಾಪುರದ ಅಂಗವಾಗಿಯೇ ಇದೆ. ಜಿಲ್ಲೆಗೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಬಂದುದು 2014ರ ನವೆಂಬರಿನಲ್ಲಿ; ಅದಕ್ಕೆ ಹಿಂದಿನ ವಿಷಯವನ್ನು ಹೇಳುವಾಗ ನಾವು ಹಳೆಯ ಹೆಸರನ್ನೇ ಬಳಸಿದ್ದೇವೆ.

ಈ ಭಾಗಕ್ಕೆ ಯಂತ್ರವೆಂಬುದು ಹೊಸದಾಗಿರಲಿಲ್ಲ. ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋಗುವ ರೈಲುಮಾರ್ಗವು 1871ರಲ್ಲಿ ಮುಗಿಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ಕವಲೊಡೆಯಿತು. ಶಹಾಬಾದಿನ ಕಲ್ಲುಗಣಿಗಳ ಬಳಿ ಸಿಮೆಂಟು ಕಾರ್ಖಾನೆ ಬಂದಿತು, ಆಮೇಲೆ ವಾಡಿಯಲ್ಲಿಯೂ ಸೇಡಮಿನಲ್ಲಿಯೂ ಬಂದುವು. ಆದರೆ ಈ ಯಂತ್ರಗಳೆಲ್ಲ ದಫ್ತರದ ಹೊರಗೇ ನಿಂತುವು. ತೊಗರಿ ಬೆಳೆಯುವ ಒಕ್ಕಲಿಗನ ಹಕ್ಕು ಯಾವ ಕಾಗದದ ಮೇಲೆ ನಿಂತಿತ್ತೋ ಆ ಕಾಗದವನ್ನು ಅವು ಮುಟ್ಟಲಿಲ್ಲ. ಗಣಕಯಂತ್ರವು ಮುಟ್ಟಿತು. ಇದರ ಮಹತ್ವವಿರುವುದು ಇಲ್ಲಿಯೇ.

ಭಾರತ ಸರ್ಕಾರದ ಪೂರ್ಣ ವೆಚ್ಚದಲ್ಲಿ, ಜಮೀನಿನ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಕರ್ನಾಟಕದ ಮೊಟ್ಟಮೊದಲ ಪ್ರಯೋಗವು 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಆರಂಭವಾಯಿತೆಂಬುದು ನಮ್ಮ ಅಧ್ಯಾಪಕರಲ್ಲಿಯೂ ಅನೇಕರಿಗೆ ತಿಳಿದಿರಲಾರದು. ಬೆಂಗಳೂರಲ್ಲ, ಮೈಸೂರಲ್ಲ, ಸದಾ ಹಿಂದುಳಿದುದೆಂದು ಕರೆಸಿಕೊಳ್ಳುವ ಈ ಜಿಲ್ಲೆಯೇ ಮೊದಲನೆಯದಾಯಿತು. ಕಾಕತಾಳೀಯವೆಂಬಂತೆ, ಭಾರತೀಯ ಲಿಪಿಗಳನ್ನು ಗಣಕಯಂತ್ರದಲ್ಲಿ ಕೂಡಿಡುವ ಸಂಕೇತಮಾನ 'ಇಸ್ಕಿ' ಭಾರತೀಯ ಮಾನಕವಾಗಿ ಪ್ರಕಟವಾದುದೂ, ಕನ್ನಡ ಅಕ್ಷರಗಳಿಗೆ ಸ್ಥಾನವಿತ್ತ ಯುನಿಕೋಡಿನ ಪ್ರಥಮ ಆವೃತ್ತಿ ಹೊರಬಂದುದೂ ಅದೇ 1991ರಲ್ಲಿ. ಅಂದರೆ ಲೆಕ್ಕವನ್ನು ಯಂತ್ರಕ್ಕೆ ಏರಿಸುವ ಯೋಜನೆಯೂ, ಕನ್ನಡವನ್ನು ಯಂತ್ರಕ್ಕೆ ಏರಿಸುವ ವಿಧಾನವೂ ಏಕಕಾಲದಲ್ಲಿ ಅಂಬೆಗಾಲಿಡುತ್ತಿದ್ದುವು. ಒಂದು ಮತ್ತೊಂದರ ಕೈ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

1996ರ ವೇಳೆಗೆ ಇಂತಹ ಯೋಜನೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಹಾಗಿದ್ದರೂ ಅದು ಫಲಿಸಲಿಲ್ಲ. ಕಾರಣವು ಸರಳವಾದುದು. ಯಂತ್ರವನ್ನು ಇರಿಸಿದುದು ಜಿಲ್ಲಾ ಕೇಂದ್ರದಲ್ಲಿ, ಪಹಣಿ ಇದ್ದುದು ತಾಲೂಕಿನಲ್ಲಿ ಮತ್ತು ಊರಿನಲ್ಲಿ. ತಾಲೂಕು ಕಚೇರಿಯಲ್ಲಿ ಗಣಕಯಂತ್ರವನ್ನು ಸ್ಥಾಪಿಸುವ ಏರ್ಪಾಡು ಆ ಯೋಜನೆಯಲ್ಲಿಯೇ ಇರಲಿಲ್ಲ. ಚಿಂಚೋಳಿ ಸೀಮೆಯ ಒಬ್ಬ ರೈತನು ಸತ್ತು ಅವನ ಮಕ್ಕಳ ಹೆಸರಿಗೆ ಪೋತಿ ಖಾತೆಯಾದರೆ ಆ ಬದಲಾವಣೆ ಗ್ರಾಮ ಲೆಕ್ಕಿಗನ ಪುಸ್ತಕದಲ್ಲಿ ಆಗುತ್ತಿತ್ತು. ಗುಲ್ಬರ್ಗೆಯ ಯಂತ್ರದಲ್ಲಿ ಮಾತ್ರ ಸತ್ತವನೇ ಒಡೆಯನಾಗಿ ಉಳಿಯುತ್ತಿದ್ದನು. ಲೆಕ್ಕವನ್ನು ಬಲ್ಲವನಿಗೆ ಯಂತ್ರ ದೊರೆಯಲಿಲ್ಲ, ಯಂತ್ರವನ್ನು ಬಲ್ಲವನ ಬಳಿಗೆ ಲೆಕ್ಕ ಬರಲಿಲ್ಲ. ಪಾಠವನ್ನು ಎಲ್ಲಿ ಹೇಳಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತೆ ತೋರುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುವುದು ಅವಶ್ಯ. ಏಕೆಂದರೆ ಈ ತಾಲೂಕುಗಳ ಲೆಕ್ಕಿಗನು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಾಗಿ ಬಂದುದು ಅದೇ ಮೊದಲಲ್ಲ. ಹೈದರಾಬಾದು ಸಂಸ್ಥಾನದಲ್ಲಿ ಸುಮಾರು 1884ರಲ್ಲಿ ಪಾರಸಿಯ ಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಯಿತು. ಊರಿನ ಲೆಕ್ಕವು ಕನ್ನಡದಲ್ಲಿಯೋ, ಮರಾಠಿಯ ಮೋಡಿಯಲ್ಲಿಯೋ, ಮೂಡಣ ಗಡಿಯ ಕಡೆಗೆ ತೆಲುಗಿನಲ್ಲಿಯೋ ಇರುತ್ತಿತ್ತು. ಮೇಲಿನ ದಫ್ತರವೆಲ್ಲ ಉರ್ದುವಿನಲ್ಲಿ. ಪಟವಾರಿಯಾದವನು ಎರಡು ಮೂರು ಲಿಪಿಗಳ ನಡುವೆ ಬದುಕಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1954-55ರಲ್ಲಿ ಸಂಸ್ಥಾನದಾದ್ಯಂತ ಪ್ರಸಿದ್ಧವಾದ ಖಾಸ್ರಾ ಪಹಣಿ ಸಿದ್ಧವಾಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಅದೇ ವಿಂಗಡಣೆಯಲ್ಲಿ ಸೇಡಮಿಗೂ ಚಿಂಚೋಳಿಗೂ ನೆರೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಹೋದುವು. ಒಂದೇ ಜಿಲ್ಲೆಯ ದಫ್ತರವು ಹೀಗೆ ಹರಿದು ಹಂಚಿಹೋಯಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಪಟವಾರಿಕೆಯನ್ನು ಕೊನೆಗಾಣಿಸಿತು; ಸಂಬಳದ ಗ್ರಾಮ ಲೆಕ್ಕಿಗನು ಬಂದನು. 1963ರ ರಾಜಭಾಷಾ ಕಾಯಿದೆಯೂ, 1964ರ ಭೂಕಂದಾಯ ಕಾಯಿದೆಯೂ ಒಂದರ ಹಿಂದೊಂದು ಬಂದು, ಲೆಕ್ಕದ ಭಾಷೆ ಮತ್ತು ನಮೂನೆಗಳೆರಡೂ ಬದಲಾದುವು.

ಈ ಬದಲಾವಣೆಗಳಿಗೆ ಶಾಲೆಯೆಂಬುದು ಇರಲಿಲ್ಲ ಎನ್ನುವಂತಿಲ್ಲ. ಆದರೆ ನಿಜವಾದ ಕಲಿಕೆ ನಡೆದುದು ಹಿರಿಯ ಕಾರಕೂನನ ಮಗ್ಗುಲಲ್ಲಿ. ಹೊಸಬನು ಹಳಬನ ಪಕ್ಕದಲ್ಲಿ ಕುಳಿತು, ಹಳೆಯ ಪುಸ್ತಕವನ್ನು ನೋಡಿ ಹೊಸ ಪುಸ್ತಕಕ್ಕೆ ಇಳಿಸುತ್ತ ಕಲಿತನು. ಗಣಕಯಂತ್ರವು ಬಂದಾಗ ಈ ಕ್ರಮವು ತಲೆಕೆಳಗಾಯಿತು. ಪಕ್ಕದಲ್ಲಿ ಕುಳಿತು ಕಲಿಸಬಲ್ಲ ಹಳಬನೇ ಇರಲಿಲ್ಲ. ಇಪ್ಪತ್ತು ವರ್ಷ ಲೆಕ್ಕ ಬರೆದವನೂ ಮೊನ್ನೆ ನೇಮಕವಾದವನೂ ಒಂದೇ ಬೆಂಚಿನ ವಿದ್ಯಾರ್ಥಿಗಳಾದರು. ಎಷ್ಟೋ ಸಲ ಕಿರಿಯನೇ ಹಿರಿಯನಿಗೆ ಉಪಾಧ್ಯಾಯನಾದನು. ಕಚೇರಿಯ ಮರ್ಯಾದೆಯನ್ನು ಬಲ್ಲವರಿಗೆ ಇದು ಎಂತಹ ಮುಜುಗರವೆಂಬುದನ್ನು ವಿವರಿಸಬೇಕಾಗಿಲ್ಲ.

1990ರ ದಶಕದ ಕೊನೆಗೆ ಕಂದಾಯ ಇಲಾಖೆಯು 'ಭೂಮಿ' ಎಂಬ ಹೆಸರಿನಲ್ಲಿ ಈ ಕಾರ್ಯವನ್ನು ಮತ್ತೆ ಕೈಗೆತ್ತಿಕೊಂಡಿತು. ಇಲಾಖೆಯ ಪರವಾಗಿ ರಾಜೀವ್ ಚಾವ್ಲಾ ಅವರು ಇದರ ಮುಂದಾಳುತನ ವಹಿಸಿದರು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಶಾಖೆಯವರು ಸಿದ್ಧಪಡಿಸಿದರು. ರಾಜ್ಯದಲ್ಲಿ ಅಂದಿದ್ದ ತಾಲೂಕುಗಳೆಲ್ಲದರಲ್ಲಿಯೂ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಯಂತ್ರಕ್ಕೇರಿದುವು. 1991ರ ತಪ್ಪು ಈ ಸಲ ಪುನರಾವೃತ್ತಿಯಾಗಲಿಲ್ಲ. ಯಂತ್ರವು ಸೇಡಂ, ಚಿತ್ತಾಪುರ, ಚಿಂಚೋಳಿಗಳ ತಾಲೂಕು ಕಚೇರಿಗೇ ಬಂದಿತು.

ಈ ಪಾಠಗಳ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಯೋಗ್ಯ. ಮೊದಲನೆಯದಾಗಿ, ಆರಂಭದ ಪಾಠವು ಯಂತ್ರದ ಮುಂದೆ ಆಗಲೇ ಇಲ್ಲ. ಅದು ಲೇಖನಿಯಿಂದ ಆಯಿತು. ಗ್ರಾಮ ಲೆಕ್ಕಿಗನು ತನ್ನ ಪಹಣಿ ಪುಸ್ತಕದಲ್ಲಿದ್ದುದನ್ನೆಲ್ಲ ಅಚ್ಚುಹಾಕಿಸಿದ ನಮೂನೆಗಳಿಗೆ ತುಂಬಬೇಕಾಗಿತ್ತು. ಯಾವುದು ಸರ್ವೆ ನಂಬರು, ಯಾವುದು ಹಿಸ್ಸಾ, ಖರಾಬು ಎಷ್ಟು, ಸಾಲದ ಋಣಭಾರ ಯಾವ ಅಂಕಣಕ್ಕೆ ಹೋಗಬೇಕು ಎಂಬ ವಿವೇಚನೆ ಅಲ್ಲಿ ನಡೆಯಿತು. ಪುಸ್ತಕದ ಅಂಚಿನಲ್ಲಿ ಬರೆದಿಟ್ಟ ಷರಾಗಳಿಗೆ, ಪೆನ್ಸಿಲಿನ ಗುರುತುಗಳಿಗೆ ಯಂತ್ರದಲ್ಲಿ ಸ್ಥಾನವಿಲ್ಲವೆಂಬುದು ಅವನಿಗೆ ಆಗಲೇ ಹೊಳೆಯಿತು. ತಂತ್ರಾಂಶದ ಕಲಿಕೆಯೆಂದರೆ ಕೀಲಿ ಒತ್ತುವ ಅಭ್ಯಾಸವೆಂದು ತಿಳಿಯುವವರು ಈ ಹಂತವನ್ನು ಗಮನಿಸಬೇಕು. ಎರಡನೆಯದಾಗಿ, ಖಾಸಗಿ ಸಂಸ್ಥೆಗಳ ನೌಕರರು ಆ ನಮೂನೆಗಳನ್ನು ಯಂತ್ರಕ್ಕೆ ಏರಿಸಿದರು. ಅಚ್ಚಾಗಿ ಬಂದ ಪ್ರತಿಯನ್ನು ಲೆಕ್ಕಿಗನು ಮೂಲ ಪುಸ್ತಕದೊಡನೆ ಸಾಲುಸಾಲಾಗಿ ತಾಳೆ ನೋಡಿ ತಿದ್ದಿದನು. ಅವನಿಗೆ ಯಂತ್ರದ ಸ್ವಭಾವದ ಪರಿಚಯವಾದುದು ಅದರ ತಪ್ಪುಗಳ ಮೂಲಕ. ಮೂರನೆಯ ಹಂತದಲ್ಲಿ ಮಾತ್ರವೇ ಯಂತ್ರದ ಮುಂದೆ ಕೂರುವ ಪಾಠ ಬಂದಿತು. ಅದಕ್ಕಾಗಿ ಹೆಚ್ಚಿನ ಮಟ್ಟಿಗೆ ಹೊಸದಾಗಿ ನೇಮಕವಾದ ಎಳೆಯ ಗ್ರಾಮ ಲೆಕ್ಕಿಗರನ್ನೇ ಆಯ್ದುಕೊಂಡರು.

ಈ ಆಯ್ಕೆಯು ಬುದ್ಧಿವಂತಿಕೆಯದು. ಲೆಕ್ಕವನ್ನರಿಯದ ಯಂತ್ರಜ್ಞನಿಗೆ ಭೂಕಂದಾಯ ಕಲಿಸುವುದಕ್ಕಿಂತ, ಭೂಕಂದಾಯದ ಪರಿಭಾಷೆಯಲ್ಲಿ ಪಳಗಿದವನಿಗೆ ಯಂತ್ರ ಕಲಿಸುವುದು ಸುಲಭ. ಆದರೆ ಇದರಲ್ಲಿ ಒಂದು ನಷ್ಟವೂ ಉಂಟು; ಅಂಚಿನ ಷರಾಗಳ ಅರ್ಥವನ್ನು ಬಲ್ಲ ಹಿರಿಯರು ಕ್ರಮೇಣ ಕೋಣೆಯ ಹೊರಗಾದರು. ತಿದ್ದಿ ಬರೆದ ಹೆಸರಿನ ಹಿಂದೆ ಯಾವ ಪಾಲುಪಟ್ಟಿಯ ಜಗಳವಿತ್ತೆಂಬುದು ಅವರ ತಲೆಯಲ್ಲಿತ್ತೇ ಹೊರತು ಪುಸ್ತಕದಲ್ಲಿರಲಿಲ್ಲ.

ಕಲಿಕೆ ನಾಟುವುದಕ್ಕೆ ಎಲ್ಲಕ್ಕಿಂತ ಬಲವತ್ತರವಾದ ಕಾರಣವು ಒಂದು ಆಜ್ಞೆ. ಒಂದು ತಾಲೂಕಿನಲ್ಲಿ 'ಭೂಮಿ' ಆರಂಭವಾಯಿತೆಂದರೆ ಅಂದಿನಿಂದ ಕೈಬರಹದ ಪಹಣಿಗೆ ಅಲ್ಲಿ ಮಾನ್ಯತೆ ಇಲ್ಲ. ಹಿಂದಿನ ದಾರಿಯನ್ನು ಮುಚ್ಚಿಬಿಟ್ಟರು. ಇದು ಕಠಿಣವಾಗಿ ತೋರಬಹುದು; ಆದರೆ ಎರಡು ಪುಸ್ತಕಗಳು ಜೊತೆಜೊತೆಯಾಗಿ ನಡೆದಿದ್ದರೆ, 1991ರ ಪ್ರಯೋಗದಂತೆ ಇದೂ ಪ್ರದರ್ಶನದ ವಸ್ತುವಾಗಿ ಉಳಿಯುತ್ತಿತ್ತೆಂದೇ ನಮ್ಮ ಅಭಿಪ್ರಾಯ. ಕಲಿಯುವವನು ಪಾಠ ಮುಗಿಸಿ ಮನೆಗೆ ಹೋಗುವಂತಿರಲಿಲ್ಲ. ಮರುದಿನ ಬೆಳಗ್ಗೆ ಕಿಟಕಿಯ ಮುಂದೆ ರೈತರ ಸಾಲು ನಿಂತಿರುತ್ತಿತ್ತು, 15 ರೂಪಾಯಿ ಕೊಟ್ಟು ಪಹಣಿಯ ಪ್ರತಿ ಪಡೆಯಲು.

ಇನ್ನು ತಂತ್ರಾಂಶದೊಳಗೇ ಅಡಗಿದ್ದ ಪಾಠಗಳು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲಿಯೇ ತೆಗೆದುಕೊಳ್ಳಬೇಕು. ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಕೈಹಾಕಲು ಯಂತ್ರವು ಬಿಡುವುದಿಲ್ಲ. ಒಳಹೋಗಬೇಕಾದರೆ ಅಧಿಕಾರಿಯು ಬೆರಳಿನ ಗುರುತು ಕೊಡಬೇಕು; ಯಾರು ಯಾವ ತಿದ್ದುಪಡಿ ಮಾಡಿದರೆಂಬುದು ಅಲ್ಲಿ ದಾಖಲಾಗುತ್ತದೆ. ಅರ್ಜಿದಾರನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದಿತ್ತು. ನಿಜಾಮನ ಕಾಲದಿಂದ ಹೆಬ್ಬೆಟ್ಟನ್ನು ಒತ್ತುತ್ತಿದ್ದವನು ರೈತ, ಒತ್ತಿಸಿಕೊಳ್ಳುತ್ತಿದ್ದವನು ಅಧಿಕಾರಿ. ಈಗ ಅಧಿಕಾರಿಯೇ ಬೆರಳು ಒತ್ತಬೇಕಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ರಾಜ್ಯದ ಕೆಲವು ತಾಲೂಕುಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಕ್ರಮದಲ್ಲಿ ಲಂಚ ಕೊಡಬೇಕಾಗುತ್ತಿತ್ತೆಂದು ಬಹುಸಂಖ್ಯೆಯ ಜನ ಹೇಳಿದರು. ಹೊಸ ಕಿಟಕಿಯಲ್ಲಿ ಹಾಗೆ ಹೇಳಿದವರು ಬೆರಳೆಣಿಕೆಯಷ್ಟು.

ಕನ್ನಡದ ಕೀಲಿಮಣೆಯ ವಿಷಯ ಬೇರೆಯೇ ಒಂದು ಅಧ್ಯಾಯ. ಈ ಊರುಗಳಲ್ಲಿ ಬೆರಳಚ್ಚು ಕಲಿತವನ ಕೈಗೆ ಒಂದು ವಿನ್ಯಾಸ ರೂಢಿಯಾಗಿತ್ತು; ಭಾರತ ಸರ್ಕಾರದ 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ; ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರದ ಉಚ್ಚಾರವನ್ನನುಸರಿಸಿ ಕನ್ನಡ ಅಕ್ಷರ ಬರುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದೊಡನೆ ಈ ಕೊನೆಯ ಕ್ರಮವು ಸರ್ಕಾರಿ ಕಚೇರಿಗಳಲ್ಲಿ ನೆಲೆಗೊಂಡಿತು. 'ಚಿತ್ತಾಪುರ' ಎಂದು ಬರೆಯಲು ತಕಾರಕ್ಕೆ ಟಿ, ಒತ್ತು ಬೇಕಾದಲ್ಲಿ ಎಫ್, ಮತ್ತೆ ಟಿ ಒತ್ತಬೇಕು. ಇಂಗ್ಲಿಷ್ ಬಲ್ಲವನಿಗೆ ಇದು ಅರ್ಧ ದಿನದ ಪಾಠ. ಕನ್ನಡವೊಂದನ್ನೇ ಬಲ್ಲವನು ಮಾತ್ರ ಕನ್ನಡ ಬರೆಯುವುದಕ್ಕಾಗಿ ಮೊದಲು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಸ್ಥಾನವನ್ನು ಕಲಿಯಬೇಕಾಯಿತು. ವಿನ್ಯಾಸದ ಜಾಣ್ಮೆಯನ್ನು ಒಪ್ಪುತ್ತಲೇ ಈ ವಿಪರ್ಯಾಸವನ್ನು ಹೇಳಬೇಕಾಗಿದೆ.

ಹೆಸರುಗಳಲ್ಲಿ ಆದ ಅನರ್ಥವು ಇದಕ್ಕಿಂತ ದೊಡ್ಡದು. ಈ ತಾಲೂಕುಗಳ ಖಾತೆದಾರರಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವವರೆಲ್ಲರೂ ಇದ್ದಾರೆ. ಉರ್ದುವಿನಿಂದ ಕನ್ನಡಕ್ಕೆ ಇಳಿದ ಹೆಸರು ಒಂದು ಪುಸ್ತಕದಲ್ಲಿ 'ಖಾಜಾ' ಎಂದೂ ಮತ್ತೊಂದರಲ್ಲಿ 'ಕಾಜಾ' ಎಂದೂ ಇರಬಹುದು. 'ಭೀಮರಾಯ'ನು ಒಂದೆಡೆ 'ಬೀಮರಾಯ'ನಾಗಬಹುದು. ಊರಿನ ಲೆಕ್ಕಿಗನಿಗೆ ಇಬ್ಬರೂ ಒಬ್ಬನೇ. ಯಂತ್ರಕ್ಕೆ ಇಬ್ಬರು ಬೇರೆಬೇರೆ ಮನುಷ್ಯರು. ಇಂತಹ ದೋಷಗಳನ್ನು ಸರಿಪಡಿಸುವುದಕ್ಕಾಗಿಯೇ ಮುಂದೆ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು. 2024ರಲ್ಲಿ ಪಹಣಿಗೆ ಆಧಾರ್ ಸಂಖ್ಯೆಯನ್ನು ಜೋಡಿಸುವ ಕಾರ್ಯ ರಾಜ್ಯಾದ್ಯಂತ ನಡೆದಾಗ ಹಳೆಯ ಒಂದು ಮಹಾಪ್ರಾಣದ ಬೆಲೆ ಎಷ್ಟೆಂಬುದು ಅನೇಕರಿಗೆ ಅರಿವಾಯಿತು. ಸಾಲವಾಗಲಿ ಬೆಳೆವಿಮೆಯಾಗಲಿ ಹೆಸರಿನ ಹೊಂದಾಣಿಕೆಯನ್ನೇ ಅವಲಂಬಿಸುವಾಗ, ನಮೂನೆ ತುಂಬುವವನಿಗೆ ಕೊಟ್ಟ ಮೊದಲ ಪಾಠದಲ್ಲಿ ಹೆಸರುಗಳ ಕಾಗುಣಿತಕ್ಕೆ ಒಂದು ದಿನವನ್ನು ಮೀಸಲಿಡದೆ ಹೋದುದು ಎಷ್ಟು ದುಬಾರಿಯಾಯಿತೆಂದು ಲೆಕ್ಕ ಹಾಕುವುದು ಕಷ್ಟ.

ಅದೇ ವೇಳೆಗೆ ಪಾಠವು ಯಾರನ್ನು ತಲುಪಲಿಲ್ಲವೆಂಬುದನ್ನೂ ಹೇಳಬೇಕು. 2001ರ ಜನಗಣತಿಯ ಕಾಲಕ್ಕೆ ಈ ಜಿಲ್ಲೆಯಲ್ಲಿ ಅಕ್ಷರಸ್ಥರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ರೈತನ ಕಡೆಗೆ ತಿರುಗಿಸಿದ ಪರದೆಯನ್ನು ರೈತನು ಓದಬಲ್ಲನೇ ಎಂಬುದನ್ನು ಯೋಜನೆಯು ಗೃಹೀತವೆಂದೇ ಭಾವಿಸಿತು. ಲೆಕ್ಕಿಗನಿಗೆ ತರಬೇತಿ, ತಹಸೀಲ್ದಾರರಿಗೆ ಕಾರ್ಯಾಗಾರ. ಒಕ್ಕಲಿಗನಿಗೆ ಏನೂ ಇಲ್ಲ. ಹಿಂದೆ ಪಹಣಿ ಊರಿನಲ್ಲಿಯೇ, ಲೆಕ್ಕಿಗನ ಕೈಯಲ್ಲಿ ಇತ್ತು. ಅದಕ್ಕಾಗಿ ಶಹಾಬಾದಿನ ಸುತ್ತಲಿನ ಹಳ್ಳಿಯವನು ಈಗ ಚಿತ್ತಾಪುರಕ್ಕೆ ಹೋಗಬೇಕಾಯಿತು. ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರ ಕಸುಬು ಹೀಗೆ ಹೊಸ ಜೀವ ಪಡೆಯಿತು. 2012ರ ಕೊನೆಯಲ್ಲಿ ಹೋಬಳಿಯ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದ ಮೇಲೆ ಈ ದೂರವು ಒಂದಿಷ್ಟು ಕುಗ್ಗಿತು.

ಶಾಲೆಗಳ ವಿಷಯ ಸಂಕ್ಷೇಪವಾಗಿ: ಈ ಶತಮಾನದ ಆರಂಭದಲ್ಲಿ 'ಮಾಹಿತಿ ಸಿಂಧು' ಎಂಬ ಯೋಜನೆಯ ಮೂಲಕ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಖಾಸಗಿ ಸಂಸ್ಥೆಗಳ ಉಪಾಧ್ಯಾಯರೂ ಯಂತ್ರಗಳೂ ಬಂದುವು, ಗುತ್ತಿಗೆಯ ಅವಧಿ ತೀರಿದ ಬಳಿಕ ಪಾಠವೂ ಸೊರಗಿತು. ಪಟ್ಟಣಗಳ ಬೆರಳಚ್ಚು ಶಾಲೆಗಳು ಬಾಗಿಲ ಮೇಲಿನ ಹಲಗೆಯನ್ನು ಬದಲಿಸಿ ಗಣಕಯಂತ್ರದ ತರಗತಿಗಳಾದುವು. ಶಹಾಬಾದಿನ ಕಲ್ಲಿನ ವ್ಯಾಪಾರಿಗೂ ಸೇಡಮಿನ ಬೇಳೆ ಗಿರಣಿಯವನಿಗೂ ಬೇಕಾದುದು 'ಟ್ಯಾಲಿ' ಬಲ್ಲ ಗುಮಾಸ್ತ. ಬೇಡಿಕೆ ಇದ್ದುದರಿಂದ ಆ ಪಾಠಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ.

ಸರ್ಕಾರಿ ನೌಕರರಿಗಾಗಿ 2012ರಲ್ಲಿ ಗಣಕಯಂತ್ರ ಸಾಕ್ಷರತಾ ಪರೀಕ್ಷೆಯ ನಿಯಮಗಳು ಬಂದುವು. ಉತ್ತೀರ್ಣರಾಗದಿದ್ದರೆ ಬಡ್ತಿಗೂ ವಾರ್ಷಿಕ ಬಡ್ತಿಗೂ ಅಡ್ಡಿ. 'ನುಡಿ'ಯೂ ಪಠ್ಯದ ಭಾಗವಾಗಿತ್ತು. ಗಡುವನ್ನು ಒಂದಲ್ಲ ಹಲವು ಸಲ ಮುಂದೂಡಬೇಕಾಗಿ ಬಂದುದನ್ನು ನೋಡಿದರೆ, ಪರೀಕ್ಷೆಯನ್ನು ಏರ್ಪಡಿಸುವುದು ಪಾಠವನ್ನು ಏರ್ಪಡಿಸುವುದಕ್ಕಿಂತ ಸುಲಭವೆಂಬುದು ಸ್ಪಷ್ಟವಾಗುತ್ತದೆ. 'ಭೂಮಿ'ಯಲ್ಲಿ ಕೆಲಸವೇ ಪಾಠವಾಗಿತ್ತು. ಇಲ್ಲಿ ಪಾಠವು ಕೆಲಸದಿಂದ ಬೇರ್ಪಟ್ಟಿತು.

ಚಿತ್ತಾಪುರದ ಪಕ್ಕದ ನಾಗಾವಿಯ 1058ರ ಕನ್ನಡ ಶಾಸನವು ಇಲ್ಲಿ ನೆನಪಿಗೆ ಬರುತ್ತದೆ. ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದಲ್ಲಿ ದಂಡನಾಯಕ ಮಧುಸೂದನನು ಏರ್ಪಡಿಸಿದ ಆ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ವೃತ್ತಿಗಳನ್ನು ಬಿಟ್ಟುದರ ಜೊತೆಗೆ, ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಯಿತ್ತು. ಪಾಠ ಹೇಳುವವನು ಹೋದ ಮೇಲೆಯೂ ಉಳಿದುಕೊಳ್ಳುವ ವ್ಯಕ್ತಿಗಾಗಿ ಆ ಕಾಲದವರು ಹಣ ತೆಗೆದಿರಿಸಿದ್ದರು. ನಮ್ಮ ತರಬೇತಿ ಯೋಜನೆಗಳ ಆಯವ್ಯಯದಲ್ಲಿ ಈ ಬಾಬು ವಿರಳ. 'ಭೂಮಿ' ಇದಕ್ಕೆ ಅಪವಾದ. ಜಿಲ್ಲೆಗೊಬ್ಬ ಸಲಹೆಗಾರನನ್ನಿರಿಸಿ, ತೊಡಕು ಬಂದಾಗ ಕೇಳುವುದಕ್ಕೆ ಬೆಂಗಳೂರಿನಲ್ಲಿ ಒಂದು ಘಟಕವನ್ನು ಇಟ್ಟರು. ಆ ಕಿಟಕಿಗಳು ಇಂದಿಗೂ ನಡೆಯುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಆದರೂ ಭಾರವು ಲೆಕ್ಕಿಗನ ಹೆಗಲನ್ನು ಬಿಟ್ಟಿಲ್ಲ. 2022ರಲ್ಲಿ ಅವನ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಬಂದಿತು. ಬೆಳೆ ಸಮೀಕ್ಷೆಗೆ ಒಂದು, ಆಧಾರ್ ಜೋಡಣೆಗೆ ಒಂದು, ಸರ್ಕಾರಿ ಜಮೀನಿನ ಕಾವಲಿಗೆ ಒಂದು ಎಂದು ಮೊಬೈಲ್ ತಂತ್ರಾಂಶಗಳು ಹತ್ತನ್ನೂ ಮೀರಿ ಬೆಳೆದುವು. 2024ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಈ ತಂತ್ರಾಂಶಗಳ ಹೊರೆಯೂ, ಅವುಗಳನ್ನು ನಡೆಸಲು ಬೇಕಾದ ಉಪಕರಣಗಳ ಅಭಾವವೂ ಮುಖ್ಯವಾಗಿದ್ದುವು. 2001ರ ಲೆಕ್ಕಿಗನಿಗೆ ಒಂದು ತಂತ್ರಾಂಶವನ್ನು ನಮೂನೆ, ತಾಳೆ, ಯಂತ್ರ ಎಂಬ ಮೂರು ಹಂತಗಳಲ್ಲಿ ಕಲಿಸಿದರು. ಅವನ ಉತ್ತರಾಧಿಕಾರಿಯ ಕೈಗೆ ಒಂದಾದ ಮೇಲೊಂದು ಬರುತ್ತಿವೆ.

ಈ ನಡುವೆ ತಾಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಡತಗಳನ್ನು ಚಿತ್ರೀಕರಿಸಿ ಯಂತ್ರಕ್ಕೇರಿಸುವ 'ಭೂ ಸುರಕ್ಷಾ' ಕಾರ್ಯವು 2024ರಿಂದ ರಾಜ್ಯದಲ್ಲಿ ನಡೆಯುತ್ತಿದೆ. ಪುಟವನ್ನು ಯಂತ್ರದ ಕೆಳಗಿರಿಸುವುದನ್ನು ಎರಡು ದಿನಗಳಲ್ಲಿ ಕಲಿಸಬಹುದು. ಆದರೆ ಪ್ರತಿ ಕಡತಕ್ಕೂ ಊರು, ಸರ್ವೆ ನಂಬರು, ವರ್ಷಗಳ ಸೂಚಿ ಬೇಕು. ವರ್ಷವು ಫಸಲಿಯಲ್ಲಿರುತ್ತದೆ, ಹಾಳೆಯು ಉರ್ದುವಿನಲ್ಲಿಯೋ ಮೋಡಿಯಲ್ಲಿಯೋ ಇರುತ್ತದೆ. ಕೀಲಿಮಣೆಯ ಮುಂದೆ ಕುಳಿತ ಯುವಕನಿಗೆ ಯಂತ್ರದ ಪಾಠ ಆಗಿದೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತವರ್ಷವು ಸರಿಸುಮಾರು ಸಿಕ್ಕುತ್ತದೆಂಬ ಪಾಠವೂ, ಮೋಡಿಯ ಅಕ್ಷರಮಾಲೆಯೂ ಇನ್ನು ಅವನಿಗೆ ಆಗಬೇಕಾಗಿವೆ. ಅವನ್ನು ಹೇಳಿಕೊಡುವ ಕೆಲಸವು ಇತಿಹಾಸ ವಿಭಾಗಗಳಿಗೆ ಸೇರಿದ್ದು.